ಬಂಗಾರದ ಬಳ್ಳಿ ಹೋಯಿತು, ಮಜಲಿಗೆ ಉದ್ದು ಮತ್ತೆ ಬಂತು

ಬಂಗಾರದ ಬಳ್ಳಿ, ಅಂದರೆ ಬೇರೆ ಗಿಡಕ್ಕೆ ಸುತ್ತಿ ರಸ ಹೀರಿ ಬದುಕುವ ಹಳದಿ ಕಳೆ, ಹತ್ತಿದ ಗದ್ದೆಗೆ ಇನ್ನು ಉದ್ದು ಹಾಕುವುದು ಸುಮ್ನೆ ಅಂತ ನಮ್ಮ ಬ್ರಹ್ಮಾವರ ಕಡೆ ಹೇಳದವರಿಲ್ಲ. ಅಂಥದ್ದೇ ನನ್ನ ಮಜಲು (ಬಯಲಿಗಿಂತ ಸ್ವಲ್ಪ ಎತ್ತರದ) ಗದ್ದೆಯಲ್ಲಿ ಈ ಸಲ ಎಕರೆಗೆ ಹತ್ತಿರಹತ್ತಿರ 2 ಕ್ವಿಂಟಾಲ್ ಉದ್ದು ಬಡಿದಿದ್ದೇನೆ.

ಬಳ್ಳಿ ಬಂದದ್ದು ಹೊರಗಿನಿಂದ ತಂದ ಬೀಜದ ಜೊತೆ. ಮೊದಲು ಅಲ್ಲೊಂದು ಇಲ್ಲೊಂದು ಕಡೆ, ಅರಶಿನ ಹಾಕಿದ ಶಾವಿಗೆ ಚೆಲ್ಲಿದ ಹಾಗೆ ಕಂಡಿತು. ಆಳು ಇಟ್ಟು ಕೀಳಿಸಿದೆ. ದಿನಕ್ಕೆ 500ರ ಮೇಲೆ ಸಂಬಳ, ಚಾ ತಿಂಡಿ ಬೇರೆ. ಎಳೆದರೆ ಬಳ್ಳಿ ಬರುತ್ತದೆ, ಆದರೆ ಉದ್ದಿನ ದಂಟಿಗೆ ಕಚ್ಚಿದಲ್ಲಿ ಸಣ್ಣ ಸಣ್ಣ ಗಂಟು ಉಳಿಯುತ್ತದೆ. ಬೆರಳುದ್ದದ ತುಂಡು ಬಿದ್ದರೂ ಸಾಕು, ಪಕ್ಕದ ಗಿಡ ಹಿಡಿಯುತ್ತದೆ. ಮರುವರ್ಷ ಬಿತ್ತಿದ ಕೂಡಲೇ ಪೆಂಡಿಮೆಥಾಲಿನ್ ಅನ್ನುವ ಕಳೆಮದ್ದು ಹೊಡೆದೆ. ಕೆಲವು ವಾರ ಚಂದ ಇತ್ತು, ಆಮೇಲೆ ತಡವಾಗಿ ಮೊಳೆತದ್ದು ಹತ್ತಿತು. ಅರ್ಧ ಕ್ವಿಂಟಾಲೂ ಸಿಗಲಿಲ್ಲ. ಮದ್ದು, ಟಿಲ್ಲರ್, ಸಂಬಳ ಸೇರಿ 10-12 ಸಾವಿರ ಹೋಯಿತು.

ಏಣೆಲಿಗೆ, ಅಂದರೆ ಮಳೆಗಾಲದ ಭತ್ತಕ್ಕೆ, ತಿಂಗಳುಗಟ್ಟಲೆ ನೀರು ನಿಲ್ಲುತ್ತದಲ್ಲ, ಬಳ್ಳಿಯ ಬೀಜ ಕೊಳೆಯುವುದಿಲ್ವಾ ಅಂತ ಕೇಳುತ್ತಾರೆ. ಇಲ್ಲ ಮಾರಾಯ್ರೆ. ಸಿಪ್ಪೆ ಗಟ್ಟಿ, ಮಣ್ಣಿನಲ್ಲಿ 10 ವರ್ಷವಾದರೂ ಬದುಕಿರುತ್ತದೆ, ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಮೊಳೆಯುತ್ತದೆ. ಒಂದೇ ವರ್ಷ ಬೆಳೆ ಬದಲಿಸಿ "ಏನೂ ಆಗಲಿಲ್ಲ" ಅನ್ನುವವರಿಗೆ ಇದು ಗೊತ್ತಿಲ್ಲ. ಮೊಳೆತದ್ದಕ್ಕೆ ಹತ್ತು ದಿನದೊಳಗೆ ಗಿಡ ಸಿಗದಿದ್ದರೆ ಒಣಗಿ ಸಾಯುತ್ತದೆ. ಭತ್ತ, ಜೋಳ, ರಾಗಿಯಂಥ ಹುಲ್ಲಿನ ಜಾತಿಯ ಮೇಲೆ ಅದು ಬದುಕುವುದಿಲ್ಲ.

ಹಾಗಾಗಿ ಮೂರು ವರ್ಷ ಉದ್ದು ಬಂದ್. ಏಣೆಲಿನ ಎಂಒ-4 ಭತ್ತ ಕೊಯ್ದ ಮೇಲೆ ಒಮ್ಮೆ ಉತ್ತು, ತೆಳ್ಳಗೆ ನೀರು ಬಿಟ್ಟು, ಮೊಳೆಯುವುದೆಲ್ಲ ಮೊಳೆಯಲಿ ಅಂತ ಬಿಟ್ಟು, ಮತ್ತೆ ಉತ್ತೆ. ಆಮೇಲೆ ಜೋಳ. ಮೊದಲು ಸ್ವೀಟ್ ಕಾರ್ನ್ ಹಾಕಿದೆ. ಅರ್ಧ ನವಿಲಿಗೆ, ಉಳಿದದ್ದು ಮಲ್ಪೆ ಬೀಚಿನ ಗಾಡಿಯವರಿಗೆ, ತೆನೆಗೆ 8-10 ರೂಪಾಯಿಯ ಹಾಗೆ. ಮರುವರ್ಷ ಮೇವಿನ ಜೋಳ ಹಾಕಿ ದನ ಸಾಕುವವರಿಗೆ ಕೊಟ್ಟೆ. ಲಾಭ ಕಡಿಮೆ, ತಲೆಬಿಸಿಯೂ ಕಡಿಮೆ. ಕೊನೆಗೆ ಬಾವಿಯಲ್ಲಿ ನೀರಿತ್ತು, ಸುಗ್ಗಿ (ಎರಡನೇ ಬೆಳೆಯ) ಭತ್ತವನ್ನೇ ಮಾಡಿದೆ. ಜೋಳದ ಮಧ್ಯೆ ಅಗಲ ಎಲೆಯ ಕಳೆ ಬಿಟ್ಟರೆ ಮಾತ್ರ ಎಲ್ಲ ವ್ಯರ್ಥ, ಬಳ್ಳಿ ಅದನ್ನೇ ಹಿಡಿದು ಬೀಜ ಕಟ್ಟುತ್ತದೆ. ಹುಣಿ, ಅಂದರೆ ಗದ್ದೆಯ ಬದುವಿನ ಮೇಲಿನ ಕಳೆಯೂ ಹಾಗೆಯೇ.

ಒಂದು ಮೂಲೆಯಲ್ಲಿ ಸುಮ್ನೆ ಮೆಣಸಿನಕಾಯಿ ಗಿಡ ನೆಟ್ಟಿದ್ದೆ. ಬಳ್ಳಿ ಅದಕ್ಕೂ ಹತ್ತಿತು. ಒಳ್ಳೆಯದೇ ಆಯಿತು, ಮಣ್ಣಿನಲ್ಲಿ ಇನ್ನೂ ಬೀಜ ಉಳಿದಿದೆ ಅಂತ ಅದೇ ತೋರಿಸಿತು. ಅಲ್ಲಿಂದ ಪ್ರತಿ ವರ್ಷ ಚಾಪೆಯಗಲ ಜಾಗದಲ್ಲಿ ಉದ್ದು ಚೆಲ್ಲಿ ನೋಡುತ್ತೇನೆ. ಎಳೆ ಕಂಡರೆ ಹೂ ಬಿಡುವ ಮೊದಲೇ ಗಿಡದ ಸಮೇತ ಕಿತ್ತು ಸುಡುವುದು. ಬಳ್ಳಿ ಇದ್ದ ಹೊಟ್ಟನ್ನು ದನಕ್ಕೆ ಹಾಕುವುದಿಲ್ಲ. ಸೆಗಣಿಯಲ್ಲಿ ಬೀಜ ಜೀವಂತವಾಗಿಯೇ ಹೊರಬರುತ್ತದೆ, ಹಟ್ಟಿಗೊಬ್ಬರದ ಜೊತೆ ಎಲ್ಲ ಗದ್ದೆಗೂ ಹೋಗುತ್ತದೆ.

ಈ ಸಲವೂ ನಾಲ್ಕೈದು ಕಡೆ ಎಳೆ ಕಂಡಿತು, ಅಷ್ಟೇ. ಬಿತ್ತುವ ಉದ್ದನ್ನು ಜರಡಿ ಹಿಡಿಯುತ್ತೇನೆ, ಬಳ್ಳಿಯ ಬೀಜ ಸಣ್ಣದು, ಕೆಳಗೆ ಉದುರುತ್ತದೆ. ಜರಡಿಯ ಕಣ್ಣು ಎಷ್ಟು, ಆಮೇಲೆ ಏನು ಮಾಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಬೀಜಕ್ಕೆ ಅಂತ ಕಿಲೋಗೆ 200 ಕೊಟ್ಟು ಒಯ್ಯುವವರಿದ್ದಾರೆ. ಈ ವರ್ಷದ್ದು ಖಾಲಿಯಾಗಿದೆ.