ಲೊಜ್ಬಾನಿನಲ್ಲಿ ನಮ್ಮ ಊರುಗಳ ಹೆಸರು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಊರ ಹೆಸರುಗಳನ್ನು ಲೊಜ್ಬಾನಿಗೆ, ಅಂದರೆ ತರ್ಕದ ಆಧಾರದ ಮೇಲೆ ಕಟ್ಟಿದ, ರೋಮನ್ ಅಕ್ಷರದಲ್ಲಿ ಬರೆಯುವ ಕೃತಕ ಭಾಷೆಗೆ, ಇಳಿಸುವಾಗ ನಾನು ಮೊದಲು ನೋಡುವುದು ಕೊನೆಯಕ್ಷರ. ಈ ಭಾಷೆಯಲ್ಲಿ ಹೆಸರು ಬಿಟ್ಟು ಉಳಿದ ಪದಗಳೆಲ್ಲ ಸ್ವರದಲ್ಲಿ ಮುಗಿಯುತ್ತವೆ. ಹೆಸರು ಮಾತ್ರ ವ್ಯಂಜನದಲ್ಲಿ ಮುಗಿದು, ಅದಾದ ಮೇಲೊಂದು ವಿರಾಮ ಬರಬೇಕು. ಬರಹದಲ್ಲಿ ಆ ವಿರಾಮಕ್ಕೆ ಚುಕ್ಕೆ. ಕನ್ನಡದ ಹೆಸರುಗಳೋ ಬಹುಪಾಲು ಸ್ವರಾಂತ್ಯ.

ಕೊನೆಯ ಉಕಾರ ಮಾತಿನಲ್ಲಿ ಹೇಗೂ ಅರ್ಧ ನುಂಗಿಹೋಗುತ್ತದೆ, ಅದನ್ನು ಬಿಟ್ಟುಬಿಡುತ್ತೇನೆ: ಕಿತ್ತೂರು 'ಕಿತುರ್' ಆಗುತ್ತದೆ. ಒತ್ತಕ್ಷರವೂ ಹೋಯಿತು, ಏಕೆಂದರೆ ಒಂದೇ ವ್ಯಂಜನ ಎರಡು ಸಲ ಕೂಡಿ ಬರುವಂತಿಲ್ಲ. ಬಾದಾಮಿಯ ಇಕಾರ ತೆಗೆದರೆ ಊರೇ ಗುರುತು ಸಿಗುವುದಿಲ್ಲ; ಅಲ್ಲಿ ಸ್ ಸೇರಿಸಿ 'ಬದಾಮಿಸ್'. ನ್ ಸೇರಿಸಿದರೂ ನಡೆಯುತ್ತದೆ, ಆದರೆ ಒಂದು ಬರಹದಲ್ಲಿ ಒಂದನ್ನೇ ಹಿಡಿಯಿರಿ, ಇಲ್ಲವಾದರೆ ಓದುಗ ಎರಡು ಊರು ಅಂದುಕೊಳ್ಳುತ್ತಾನೆ.

ನಿಜವಾದ ತೊಡಕು ಬೆಳಗಾವಿಯದು. ಹೆಸರಿಗೆ ಮೊದಲು ಬರುವ, ಮುಂದಿನದು ಹೆಸರು ಎಂದು ತಿಳಿಸುವ ಗುರುತುಪದ 'ಲ'. ಳಕಾರ ಇಲ್ಲದ್ದರಿಂದ ಊರಿನ ಹೊಟ್ಟೆಯೊಳಗೂ ಒಂದು 'ಲ' ಬರುತ್ತದೆ. 'ಲ ಬೆಲಗಾವಿಸ್' ಎಂದು ಒಂದೇ ಉಸಿರಿನಲ್ಲಿ ಅಂದರೆ ಕೇಳುಗನಿಗೆ 'ಲ', 'ಬೆ', 'ಲ', 'ಗಾವಿಸ್' ಎಂದು ತುಂಡಾಗುತ್ತದೆ. 'ಬೆ' ಅಲ್ಲಿ ಸ್ವಂತ ಅರ್ಥವಿರುವ ಪದ. ಹಳೆಯ ನಿಯಮದಂತೆ ಹೆಸರಿನೊಳಗಿನ 'ಲ'ಕ್ಕೆ ಮೊದಲು ವ್ಯಂಜನವೇ ಇರಬೇಕಿತ್ತು, ಆಗ 'ಬೆಲ್ಗಾವಿಸ್' ಎನ್ನದೆ ದಾರಿಯಿರಲಿಲ್ಲ. ಹೆಸರಿಗೆ ಮೊದಲೂ ವಿರಾಮ ಕೊಡುವ ಪದ್ಧತಿಯಲ್ಲಿ 'ಲ .ಬೆಲಗಾವಿಸ್.' ಇಡಿಯಾಗಿ ಉಳಿಯುತ್ತದೆ. ನಾನು ಇದನ್ನೇ ಪಾಲಿಸುತ್ತೇನೆ. ಆಲಮಟ್ಟಿಗೂ ಇದೇ ಬೇಕು. ಚುಕ್ಕೆ ಬರೆದು ಓದುವಾಗ ನುಂಗಿದರೆ ಮಾತ್ರ ಮತ್ತೆ ಅದೇ ಗತಿ.

ಪಟ್ಟದಕಲ್ಲನ್ನು 'ಪಟ್‌ದಕಲ್' ಎಂದು ಅವಸರದಲ್ಲಿ ಬರೆಯಬೇಡಿ. ಟಕಾರ, ತಕಾರ ಎರಡಕ್ಕೂ ಒಂದೇ ತ್. ಗಂಟಲು ಕಂಪಿಸದ ಅಘೋಷ ತ್ ಪಕ್ಕದಲ್ಲಿ ಗಂಟಲು ಕಂಪಿಸುವ ಘೋಷ ದ್ ನಿಷಿದ್ಧ. ನಡುವಿನ ಅಕಾರ ಉಳಿಸಿ 'ಪತದಕಲ್' ಎನ್ನಬೇಕು. ಲ, ಮ, ನ, ರ ಗಳಿಗೆ ಈ ಘೋಷ-ಅಘೋಷದ ಕಟ್ಟಿಲ್ಲ, ಹಾಗಾಗಿ 'ಬಾಗಲ್ಕೋತ್' ಸಲೀಸು.

ಹಕಾರ ಎರಡು ಸ್ವರಗಳ ನಡುವೆ ಮಾತ್ರ ಸಿಗುತ್ತದೆ, ಅದನ್ನು ಮೇಲುಚಿಹ್ನೆಯಿಂದ (') ತೋರಿಸುತ್ತಾರೆ. ಐಹೊಳೆ ಆದ್ದರಿಂದ ಸುಲಭ: 'ಐಹೊಲೆಸ್'. ಹುನಗುಂದದಲ್ಲಿ ಹಕಾರ ಮೊದಲಿಗೇ ಇದೆ. ಗಂಟಲಲ್ಲಿ ಉಜ್ಜುವ ಖಕಾರದಂಥ ಧ್ವನಿ ಹಾಕುತ್ತೇನೆ.

ವಿಜಯಪುರಕ್ಕೆ ಎರಡು ಕೆಲಸ. ಜಕಾರಕ್ಕೆ ಒಂಟಿ ಅಕ್ಷರವಿಲ್ಲ, ದ್ ಮತ್ತು ಘೋಷ ಶಕಾರ ಜೋಡಿಸಬೇಕು. ಯಕಾರವನ್ನು ಇಕಾರದಿಂದಲೇ ಬರೆಯುವ ಕಾರಣ 'ಜಯ'ದಲ್ಲಿ ಅ, ಇ, ಅ ಸಾಲಾಗಿ ಬರುವುದರಿಂದ ಮೊದಲ ಅಕಾರದ ಬಳಿಕ ಅಲ್ಪವಿರಾಮ ಇಟ್ಟು ಉಚ್ಚಾರದ ತುಂಡು ಬೇರ್ಪಡಿಸಬೇಕು. ಕೊನೆಗೆ ಸ್ ಸೇರಿಸಿ '-ಪುರಸ್' ಎಂದರೆ ಒತ್ತು ತಾನಾಗಿ ಕೊನೆಯಿಂದ ಎರಡನೆಯ ತುಂಡಿನ ಮೇಲೆ, ಅಂದರೆ 'ಪು' ಮೇಲೆ ಬೀಳುತ್ತದೆ. ನಮ್ಮಂತೆ 'ವಿ' ಮೇಲೆ ಬೇಕಿದ್ದರೆ ಆ ತುಂಡನ್ನು ರೋಮನ್ ದೊಡ್ಡಕ್ಷರದಲ್ಲಿ ಬರೆಯಿರಿ.