ಸೊಟ್ಟ ಪ್ಲೇಟು ವಿಜಯಪುರದ ಬಿಸಿಲಲ್ಲಿ ನೆಟ್ಟಗಾಯಿತು

ಕೊನೆಗೂ ಹಾಡಿತು. ಅಮೆರಿಕದ ಗಾಯಕ ಫ್ರಾಂಕ್ ಸಿನಾಟ್ರಾ ಅವರ 'ಯಂಗ್ ಅಟ್ ಹಾರ್ಟ್', 78ರ ಪ್ಲೇಟು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಅರಗಿನ ಗ್ರಾಮಫೋನ್ ತಟ್ಟೆ. ಮೊದಲಿಂದ ಕೊನೆವರೆಗೆ ಮುಳ್ಳು ಒಮ್ಮೆಯೂ ಹಾರಲಿಲ್ಲ.

ಬೆಳಗಾವಿ ಕ್ಯಾಂಪ್ ಹತ್ತಿರದ ಒಂದು ಗುಜರಿಯಲ್ಲಿ ಸಿಕ್ಕಿದ್ದು, ಮುನ್ನೂರು ಕೊಟ್ಟ ನೆನಪು. ಒಂದು ಅಂಚು ಹಪ್ಪಳದಂತೆ ಎದ್ದಿತ್ತು. ಬಿಸಿಲಿಗಿಟ್ಟು ಸರಿ ಮಾಡ್ತೀನಿ ಅಂದರೆ ಗೆಳೆಯರು ಒಪ್ಪಲಿಲ್ಲ. "ವಿಜಾಪುರದ ಬಿಸಲಾಗ ಅರಗಿನ ಪ್ಲೇಟ್ ಇಡ್ತೀರೇನ್ರಿ? ಕೈಗೆ ಏನೂ ಉಳಿಯಂಗಿಲ್ಲ ನೋಡ್ರಿ."

ಅದಕ್ಕೆ ಮೊದಲು ಮೂರು ಪ್ಲೇಟು ಕೆಡಿಸಿದ್ದೆ. ಒಂದನ್ನು ಸ್ಪಿರಿಟ್‌ನಿಂದ ಒರೆಸಿದೆ, ಅರಗು ಕರಗಿ ಹೊಳಪೇ ಹೋಯಿತು. ಈಗ ಸಾಬೂನು ನೀರು ಮಾತ್ರ, ಅದೂ ಲೇಬಲ್‌ಗೆ ತಾಗದಂತೆ. ಇನ್ನೊಂದನ್ನು ಮಧ್ಯಾಹ್ನದ ಬಿಸಿಲಲ್ಲಿ ಎರಡು ಗಾಜುಗಳ ನಡುವೆ ಇಟ್ಟು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಧೂಳಿನ ಕಣಗಳು ಗೆರೆಯೊಳಗೆ ಒತ್ತಿ ಕೂತಿದ್ದವು. ಮೂರನೆಯದನ್ನು ಬಿಸಿ ಇರುವಾಗಲೇ ತೆಗೆದು ಫ್ಯಾನ್ ಕೆಳಗಿಟ್ಟೆ, ಟಪ್ ಅಂತ ಸೀಳಿತು. ಎಲ್ಲ ಸೇರಿ ನಾಲ್ಕು ಸಾವಿರ ಹೋಗಿರಬೇಕು. ಅದರಲ್ಲಿ ಅರ್ಧ 78ರ ಮುಳ್ಳಿಗೆ. ಅಲ್ಲಿ ಮಾತ್ರ ಉಳಿತಾಯ ಬೇಡ. ಎಲ್‌ಪಿಯ, ಅಂದರೆ ಆಮೇಲೆ ಬಂದ ಸಣ್ಣ ಗೆರೆಯ ಪ್ಲೇಟಿನ ಮುಳ್ಳು 78ರ ಗೆರೆಯ ತಳಕ್ಕಿಳಿದು ಬರೀ ಕರಕರ ಅನ್ನುತ್ತದೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಸೊಟ್ಟ ಪ್ಲೇಟನ್ನೇ ನಿಮಿಷಕ್ಕೆ 45 ಸುತ್ತಿನ ನಿಧಾನ ವೇಗದಲ್ಲಿ ಓಡಿಸಿ ಮುದ್ರಿಸಿಕೊಂಡು, ಕಂಪ್ಯೂಟರಿನಲ್ಲಿ 78ರ ವೇಗಕ್ಕೆ ಏರಿಸಿದೆ. ಮುಳ್ಳು ಹಾರಲಿಲ್ಲ, ನಿಜ. ಆದರೆ ದನಿಯ ಬಣ್ಣವೇ ಬದಲಾಗಿತ್ತು. ನೆಲ್ಸನ್ ರಿಡಲ್ ಕೂಡಿಸಿದ ಆ ವಾದ್ಯಮೇಳ ಹಾಗೆ ಕೇಳಿದರೆ ಮನಸ್ಸು ಒಪ್ಪಲ್ಲ.

ಗೆದ್ದದ್ದು ಏಪ್ರಿಲ್‌ನಲ್ಲಿ. ಬೆಳಗ್ಗೆ ಹತ್ತೂವರೆಗೆ, ಚೆನ್ನಾಗಿ ಒರೆಸಿದ ಎರಡು ದಪ್ಪ ಗಾಜು, ಸುಮಾರು ಇಪ್ಪತ್ತು ನಿಮಿಷ. ಆಮೇಲೆ ಬಿಚ್ಚದೆ, ಹಾಗೇ ನೆರಳಿಗೆ ಸರಿಸಿ ಸಂಜೆವರೆಗೆ ಬಿಟ್ಟೆ. ಮೇಲೆ ಎಷ್ಟು ಭಾರ ಹೇರಿದೆ, ಎಲ್ಲಿ ಹೇರಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ನಮ್ಮ ಭಾಗದಲ್ಲಿ ಇಷ್ಟು ನೆಟ್ಟಗೆ ಮಾಡಿದವರನ್ನು ನಾನಂತೂ ಕಂಡಿಲ್ಲ.

ಈ ಹಾಡಿಗೇ ಯಾಕಿಷ್ಟು ಹಟ ಅಂದರೆ, ನನ್ನ ಹತ್ತಿರ ಇದರ ಹನ್ನೊಂದು ಧ್ವನಿಮುದ್ರಣಗಳಿವೆ. ರಾಗ ಜಾನಿ ರಿಚರ್ಡ್ಸ್ ಅವರದು, ಮಾತು ಕ್ಯಾರೊಲಿನ್ ಲೀ ಅವರದು. ಸಿನಾಟ್ರಾ 1953ರಲ್ಲಿ ಹಾಡಿದಾಗ ವಯಸ್ಸು 38ರ ಆಸುಪಾಸು. ಮರುವರ್ಷ ಅವರ ಸಿನಿಮಾಕ್ಕೂ ಇದೇ ಹೆಸರಿಟ್ಟರು. ಗಾಯಕ ಬಾಬ್ ಡಿಲನ್ ಒಡೆದ ಗಂಟಲಲ್ಲಿ ಹಾಡಿದ್ದು 2016ರಲ್ಲಿ ಹೊರಬಂತು, ಆಗ ಅವರು 75ರ ಹೊಸ್ತಿಲಲ್ಲಿದ್ದರು. ಮನಸ್ಸು ಎಳೆಯದಾಗಿರಲಿ ಅನ್ನೋ ಮಾತು ಆ ಗಂಟಲಲ್ಲಿ ಬೇರೆಯೇ ಆಗಿ ತಟ್ಟುತ್ತದೆ. ಆದರೂ ನನಗೆ ಸಿನಾಟ್ರಾನೇ ಮೇಲು, ಅದೂ ಪ್ಲೇಟಿನ ಮೇಲೆ.

ಇನ್ನು ಗಾಯಕ ಬಿಂಗ್ ಕ್ರಾಸ್ಬಿ ಹಾಡಿದ ಇದೇ ಹಾಡಿನ ಪ್ಲೇಟು. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳಿದೆ. ಅದನ್ನು ಬಿಸಿಲಿಗಿಡಲ್ಲ.