ಹೊಗಳಿಕೆ ಕೇಳಿ ತಂದ ಹಳೆ ಫೈಟಿಂಗ್ ಗೇಮ್ ಸಪ್ಪೆ ಅನ್ನಿಸಿದರೆ ಏನು ಮಾಡಬೇಕು?

ಸ್ಟ್ರೀಟ್ ಫೈಟರ್ 3: ತರ್ಡ್ ಸ್ಟ್ರೈಕ್ ಆಡಿದ ಮೊದಲ ರಾತ್ರಿ ನಾನು ಹನ್ನೊಂದಕ್ಕೇ ಟಿವಿ ಆರಿಸಿ ಮಲಗಿಬಿಟ್ಟೆ. ಬಹಳ ಬೇಜಾರಾಗಿತ್ತು. ಎಷ್ಟೋ ವರ್ಷಗಳಿಂದ ಇದರ ಹೊಗಳಿಕೆ ಕೇಳುತ್ತಾ ಬಂದಿದ್ದೆ. ಆಡಿದರೆ ಕೈಗೇ ಹತ್ತಲಿಲ್ಲ.

ನಾನು ಧಾರವಾಡದ ಸಪ್ತಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಚಿಕ್ಕವನಿದ್ದಾಗ ಹುಬ್ಬಳ್ಳಿಯ ವಿಡಿಯೋ ಗೇಮ್ ಅಂಗಡಿಗಳಲ್ಲಿ ಒಂದೊಂದೇ ರೂಪಾಯಿ ಹಾಕಿ ಆಡಿ ಬೆಳೆದವನು. ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಗೇಮಿಗೆ ನಾವೆಲ್ಲ 'ಮುಸ್ತಫಾ' ಅಂತಲೇ ಅನ್ನುತ್ತಿದ್ದೆವು. ಸ್ಟ್ರೀಟ್ ಫೈಟರ್ 2 ಕೂಡ ಅಲ್ಲೇ ಕಲಿತದ್ದು. ಕ್ಯಾಪ್ಕಾಮ್‌ನವರು 1999ರಲ್ಲಿ ತಂದ ತರ್ಡ್ ಸ್ಟ್ರೈಕ್ ಮಾತ್ರ ಆಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. 2018ರಲ್ಲಿ ಬಂದ ಸ್ಟ್ರೀಟ್ ಫೈಟರ್ 30ನೇ ವರ್ಷದ ಕಲೆಕ್ಷನ್‌ನಲ್ಲಿ 12 ಹಳೆ ಗೇಮ್‌ಗಳಿವೆ, ಅದರಲ್ಲಿ ಇದೂ ಒಂದು. ಅದನ್ನೇ ತಂದೆ.

ಮೊದಲ ಭಾನುವಾರ ಅಕ್ಕನ ಮಗ ಹುಬ್ಬಳ್ಳಿಯ ವಿದ್ಯಾನಗರದಿಂದ ಚಿಗರಿ ಬಸ್ ಹತ್ತಿ ಬಂದ. ಆಟಗಾರರನ್ನು ಆರಿಸುವ ಪರದೆಯಲ್ಲಿ ಒಂದು ಸುತ್ತು ಹಾಕಿ, ಸ್ಟ್ರೀಟ್ ಫೈಟರ್ 2ರ ಹಳೆ ಆಟಗಾರರನ್ನು ಹುಡುಕುತ್ತಾ ಕೇಳಿದ.

"ಮಾಮಾ, ಇದರಾಗ ಧಾಲ್ಸಿಮ್ ಎಲ್ಲದಾನ?"

"ಇಲ್ಲಪಾ."

"ಗೈಲ್? ಬ್ಲಾಂಕಾ?"

"ಅವ್ರೂ ಇಲ್ಲ."

"ಮತ್ತ ಇದನ್ಯಾಕ ಇಷ್ಟ್ ಹೊಗಳ್ತಾರ?"

ನನ್ನ ಪ್ರಶ್ನೆಯೂ ಅದೇ ಆಗಿತ್ತು. ನಾಲ್ಕು ಭಾನುವಾರ ಕೂತು ಉತ್ತರ ಹುಡುಕಿದೆವು. ನಿಮಗೂ ಹಿಂಗೇ ಆಗಿದ್ದರೆ, ಗೇಮ್ ತೆಗೆದುಹಾಕುವ ಮುಂಚೆ ಇಷ್ಟು ಮಾಡಿ ನೋಡಿ.

ಮೊದಲು ಟಿವಿ ಸರಿ ಮಾಡಿಕೊಳ್ಳಿ. ಈಗಿನ ಟಿವಿಗಳು ಚಿತ್ರವನ್ನು ಚಂದ ಮಾಡಲು ಹೋಗಿ ಸ್ವಲ್ಪ ತಡವಾಗಿ ತೋರಿಸುತ್ತವೆ. ಸಿನಿಮಾ ನೋಡುವಾಗ ಅದು ಗೊತ್ತೇ ಆಗುವುದಿಲ್ಲ. ಈ ಗೇಮ್ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತದೆ. ಟಿವಿ ಸೆಕೆಂಡಿನ ಹತ್ತನೇ ಒಂದು ಭಾಗ ತಡ ಮಾಡಿದರೂ 6 ಫ್ರೇಮ್ ಹೋಯಿತು. ನೀವು ಸರಿಯಾಗೇ ಒತ್ತಿರುತ್ತೀರಿ, ಗೇಮ್ ತಪ್ಪು ಅನ್ನುತ್ತದೆ. ಟಿವಿ ಸೆಟ್ಟಿಂಗಿನಲ್ಲಿ 'ಗೇಮ್ ಮೋಡ್' ಅಂತ ಇರುತ್ತದೆ, ಅದನ್ನು ಆನ್ ಮಾಡಿ. ನಮ್ಮ ಮನೆಯಲ್ಲಿ ಅರ್ಧ ಬೇಜಾರು ಇಲ್ಲೇ ಕಳೆಯಿತು. ಹಂಗೇ ಚಿತ್ರವನ್ನು ಪರದೆ ತುಂಬ ಎಳೆಯಬೇಡಿ. ಹಳೆ ಟಿವಿಯ ಅಳತೆಗೆ ಬಿಡಿಸಿದ ಚಿತ್ರ ಅದು, ಎಳೆದರೆ ಎಲ್ಲರೂ ಡೊಳ್ಳು ಹೊಟ್ಟೆಯವರಾಗಿ ಕಾಣುತ್ತಾರೆ. ಮೂಲ ಅಳತೆಯಲ್ಲೇ ಇಟ್ಟು, ಹಳೆ ಟಿವಿಯ ಗೆರೆ ಕಾಣಿಸುವ ಫಿಲ್ಟರ್ ಹಾಕಿದರೆ ಕಣ್ಣಿಗೆ ಹಿತ.

ಕಂಟ್ರೋಲರ್‌ನಲ್ಲಿ ಗುಂಡಗಿನ ಕಡ್ಡಿ ಬಿಟ್ಟು, ಪ್ಲಸ್ ಆಕಾರದ ಬಟನ್ ಬಳಸಿ. ಕಾರಣ ಮುಂದೆ ಗೊತ್ತಾಗುತ್ತದೆ.

ಎರಡನೆಯದು, ಕಂಪ್ಯೂಟರ್ ಜೊತೆ ಆಡಿ ಗೇಮಿನ ಬೆಲೆ ಕಟ್ಟಬೇಡಿ. ನಾನು ಮಾಡಿದ್ದು ಅದನ್ನೇ. ಒಬ್ಬನೇ ಕೂತು ಕೊನೆಯ ಎದುರಾಳಿ ಗಿಲ್‌ವರೆಗೂ ಹೋದೆ. ಅವನ ಜೀವ ಪೂರ್ತಿ ಇಳಿಸಿ ಬಿದ್ದನಲ್ಲ ಅಂತ ಉಸಿರು ಬಿಡುವಷ್ಟರಲ್ಲಿ ಮತ್ತೆ ಎದ್ದು ನಿಂತ, ಜೀವದ ಪಟ್ಟಿ ತುಂಬತೊಡಗಿತು. ಅದು ಅವನ ಸೂಪರ್ ಆರ್ಟ್, ಅಂದರೆ ಅವನ ವಿಶೇಷ ದೊಡ್ಡ ಪಟ್ಟು. ಆ ರಾತ್ರಿಯೇ ನಾನು ಟಿವಿ ಆರಿಸಿದ್ದು. ಈ ಗೇಮ್ ಇಬ್ಬರು ಪಕ್ಕಪಕ್ಕ ನಿಂತು ಆಡಲಿ ಅಂತ ಮಾಡಿದ್ದು. ಹೊಗಳಿದವರೆಲ್ಲ ಹಂಗೇ ಆಡಿದವರು. ಆದ್ದರಿಂದ ನಿಮ್ಮಷ್ಟೇ ಕಲಿತ, ಅಥವಾ ನಿಮ್ಮಷ್ಟೇ ಕಲಿಯದ ಒಬ್ಬರನ್ನು ಹುಡುಕಿ. ತಮ್ಮ, ಗೆಳೆಯ, ಹಾಸ್ಟೆಲ್ ರೂಮ್‌ಮೇಟ್, ಯಾರಾದರೂ ಸರಿ. ಹತ್ತು ವರ್ಷದಿಂದ ಆಡುತ್ತಿರುವವರ ಮುಂದೆ ಮೊದಲ ವಾರವೇ ಕೂರಬೇಡಿ. ಸುಮ್ನೆ ಏಟು ತಿಂದು ಎದ್ದು ಬರುತ್ತೀರಿ.

ಆಟಗಾರನನ್ನು ಆರಿಸುವಾಗ ಮನಸ್ಸು ಒಂದು ಕಡೆ, ಕೈ ಇನ್ನೊಂದು ಕಡೆ ಎಳೆಯುತ್ತವೆ. ನಮ್ಮಪ್ಪ ನನ್ನನ್ನು ಜಾತ್ರೆಯ ಕುಸ್ತಿಗೆ ಕರೆದುಕೊಂಡು ಹೋಗುತ್ತಿದ್ದರು. ಹಾಗಾಗಿ ಹ್ಯೂಗೋ ಅನ್ನುವ ಭಾರಿ ಪೈಲ್ವಾನನನ್ನು ನೋಡಿದ ಕೂಡಲೇ ಅವನೇ ಬೇಕು ಅನ್ನಿಸಿತು. ಆದರೆ ಅವನ ದೊಡ್ಡ ಪಟ್ಟು ಹಾಕಲು ಬಟನ್ ಪೂರ್ತಿ ಒಂದು ಸುತ್ತು ತಿರುಗಿಸಬೇಕು. ನಡಿಗೆಯೂ ನಿಧಾನ. ಮೊದಲ ತಿಂಗಳಿಗೆ ಅವನು ಬೇಡ. ಕೆನ್ ತೆಗೆದುಕೊಳ್ಳಿ. ಸ್ಟ್ರೀಟ್ ಫೈಟರ್ 2 ಆಡಿದ ಕೈಗೆ ಅವನು ಪರಿಚಯದವನೇ. ಆಟ ಶುರುವಾಗುವ ಮುಂಚೆ ಮೂರು ಸೂಪರ್ ಆರ್ಟ್‌ಗಳಲ್ಲಿ ಒಂದನ್ನು ಆರಿಸಬೇಕು, ಕೆನ್‌ಗೆ ಮೂರನೆಯದನ್ನೇ ಆರಿಸಿ. ಕೆಳಗೆ ಒತ್ತಿ ಕೆನ್‌ನನ್ನು ಕೂರಿಸಿ ಮೀಡಿಯಂ ಕಿಕ್, ಅದು ತಾಗುವಾಗಲೇ ಸೂಪರ್. ಇದೊಂದು ಬಂದರೆ ಸಾಕು, ಎದುರಿಗಿದ್ದವರು ನಿಮ್ಮ ಹತ್ತಿರ ಬರಲು ಹೆದರುತ್ತಾರೆ. ನಮ್ಮ ಹುಡುಗನಿಗೆ ಡಡ್ಲಿ ಹಿಡಿಸಿದ, ಮೀಸೆ ಬಿಟ್ಟ ಇಂಗ್ಲಿಷ್ ಬಾಕ್ಸರ್. ಎದುರಾಳಿಯನ್ನು ಕೆಣಕಬೇಕಾದರೆ ಗುಲಾಬಿ ಹೂವು ಎಸೆಯುತ್ತಾನೆ. ಆ ಹೂವಿಗಾಗಿಯೇ ಇವನು ಅವನನ್ನು ಬಿಡಲಿಲ್ಲ. ಅದೂ ಸರಿಯೇ. ಪ್ರೀತಿ ಇದ್ದಲ್ಲಿ ಕಲಿಕೆ ಬೇಗ.

ಈಗ ಮುಖ್ಯ ವಿಷಯ, ಪ್ಯಾರಿ. ಇದು ಅರ್ಥವಾಗುವವರೆಗೆ ತರ್ಡ್ ಸ್ಟ್ರೈಕ್ ನಿಮಗೆ ಧಾಲ್ಸಿಮ್ ಇಲ್ಲದ ಸ್ಟ್ರೀಟ್ ಫೈಟರ್ 2 ಥರವೇ ಕಾಣುತ್ತದೆ.

ಹಳೆ ಗೇಮಿನಲ್ಲಿ ಏಟು ತಡೆಯಬೇಕಾದರೆ ಹಿಂದಕ್ಕೆ ಒತ್ತಿ ಹಿಡಿಯುತ್ತೇವೆ. ಇಲ್ಲಿ ಅದೂ ಇದೆ. ಆದರೆ ಏಟು ತಾಗುವ ಕ್ಷಣಕ್ಕೆ ಸರಿಯಾಗಿ ಎದುರಾಳಿಯ ಕಡೆಗೆ ಒಂದು ಸಲ ತಟ್ಟಿ ಬಿಟ್ಟರೆ, ಏಟು ತಾಗುವುದೇ ಇಲ್ಲ. ಇದೇ ಪ್ಯಾರಿ. ಕಾಲಿಗೆ ಬರುವ ಏಟಾದರೆ ಕೆಳಗಿನ ಬಟನ್ ತಟ್ಟಬೇಕು. ಒತ್ತಿ ಹಿಡಿದರೆ ಆಗುವುದಿಲ್ಲ, ಗಾಬರಿಯಾಗಿ ಪಟಪಟ ಬಡಿದರೂ ಆಗುವುದಿಲ್ಲ. ಸಿಗುವ ಸಮಯ ಸುಮಾರು 10 ಫ್ರೇಮ್, ಅಂದರೆ ಸೆಕೆಂಡಿನ ಆರನೇ ಒಂದು ಭಾಗ. ಗುಂಡಗಿನ ಕಡ್ಡಿ ಬೇಡ ಅಂದದ್ದು ಇದಕ್ಕೇ. ತಟ್ಟಿ ಬಿಡುವುದಕ್ಕೆ ಬಟನ್ನೇ ಸರಿ.

ಕಲಿಯುವ ಸುಲಭ ದಾರಿ ಹೇಳುತ್ತೇನೆ. ನೀವು ಪರದೆಯ ಒಂದು ತುದಿಗೆ ಹೋಗಿ. ಜೊತೆಗಾರ ಇನ್ನೊಂದು ತುದಿಯಲ್ಲಿ ರ್ಯೂ ಆಗಿ ನಿಂತು ಹಡೋಕೆನ್ ಅನ್ನುವ ಬೆಂಕಿಯ ಉಂಡೆ ಎಸೆಯಲಿ. ಒಂದಾದ ಮೇಲೆ ಒಂದು, ಅವಸರವಿಲ್ಲದೆ. ನೀವು ಬೇರೆ ಯಾವ ಬಟನ್ನೂ ಮುಟ್ಟಬೇಡಿ. ಬೆಂಕಿಯ ಉಂಡೆ ಮೈಗೆ ಇನ್ನೇನು ತಾಗಿತು ಅನ್ನುವಾಗ ಮುಂದಕ್ಕೆ ಒಂದೇ ಸಲ ತಟ್ಟಿ. ಮೊದಲ ಹತ್ತು-ಹನ್ನೆರಡು ಮುಖಕ್ಕೇ ಬೀಳುತ್ತವೆ, ಬೀಳಲಿ. ನನಗೆ ತೊಂದರೆ ಕೊಟ್ಟದ್ದು ನನ್ನ ಹೆಬ್ಬೆರಳು. ಉಂಡೆ ಬಂತು ಅಂದರೆ ಅದು ತಾನೇ ಹಿಂದಕ್ಕೆ ಹೋಗುತ್ತಿತ್ತು. ಇಪ್ಪತ್ತು ವರ್ಷದ ರೂಢಿ, ಒಂದು ಸಂಜೆಗೆ ಬಿಡುತ್ತದೆಯೇ? ಎರಡನೇ ಭಾನುವಾರ, ನೆಲಕ್ಕೆ ಕೂತು ಗಿರ್ಮಿಟ್ ತಿಂದು ಕೈ ಒರೆಸಿಕೊಂಡು ಮತ್ತೆ ಹಿಡಿದಾಗ, ಟಕ್ ಅಂತ ಒಂದು ಶಬ್ದ ಬಂತು. ಕೆನ್ ಒಂದು ಕ್ಷಣ ನೀಲಿಯಾಗಿ ಮಿಂಚಿದ. ಉಂಡೆ ಮಾಯ, ಜೀವದ ಪಟ್ಟಿ ಹಾಗೇ ಇತ್ತು. ಇಬ್ಬರೂ ಒಟ್ಟಿಗೆ ಕೂಗಿದೆವು. ಒಳಗಿಂದ ನನ್ನ ಹೆಂಡತಿ ಏನಾಯ್ತು ಅಂತ ಓಡಿ ಬಂದಳು.

ಹಡೋಕೆನ್ ಕೈಗೆ ಬಂದ ಮೇಲೆ ಹಾರಿ ಬರುವ ಕಿಕ್‌ಗೆ ಪ್ರಯತ್ನಿಸಿ. ಕೆಳಗಿನ ಏಟು ಕೊನೆಗೆ ಇರಲಿ, ಅದು ನಿಜಕ್ಕೂ ಕಷ್ಟ.

ಇಷ್ಟಾದ ಮೇಲೆ ಈವೋ ಅನ್ನುವ ಫೈಟಿಂಗ್ ಗೇಮ್ ಪಂದ್ಯಾವಳಿಯಲ್ಲಿ 2004ರಲ್ಲಿ ನಡೆದ ಒಂದು ಹೆಸರಾಂತ ಆಟದ ವಿಡಿಯೋ ನೋಡಿ. ಜಪಾನಿನ ಡೈಗೋ ಉಮೆಹಾರಾ ಆರಿಸಿದ್ದು ಕೆನ್, ಅಮೆರಿಕದ ಜಸ್ಟಿನ್ ವಾಂಗ್ ಆರಿಸಿದ್ದು ಚುನ್-ಲಿ. ಕೆನ್‌ಗೆ ಉಳಿದದ್ದು ಕೂದಲೆಳೆಯಷ್ಟು ಜೀವ. ಸೂಪರ್ ಆರ್ಟ್ ತಡೆದರೂ ಸ್ವಲ್ಪ ಜೀವ ಹೋಗುತ್ತದೆ, ಅಂದರೆ ತಡೆದರೂ ಸಾವೇ. ಚುನ್-ಲಿಯ ಸೂಪರ್ ಬಂತು, ಒದೆತದ ಮೇಲೆ ಒದೆತ. ಡೈಗೋ 15 ಏಟನ್ನೂ ಪ್ಯಾರಿ ಮಾಡಿ, ಕೊನೆಯದನ್ನು ಹಾರಿ ಗಾಳಿಯಲ್ಲೇ ಹಿಡಿದು, ತಿರುಗಿ ಹೊಡೆದು ಗೆದ್ದರು. ನಾನು ಈ ವಿಡಿಯೋ ಮೊದಲೂ ನೋಡಿದ್ದೆ. ಜನ ಯಾಕೆ ಅಷ್ಟು ಕಿರುಚುತ್ತಾರೆ ಅಂತ ತಿಳಿದಿರಲಿಲ್ಲ. ಒಂದು ಹಡೋಕೆನ್ ಹಿಡಿಯಲು ಎರಡು ಭಾನುವಾರ ಹೋದ ಮೇಲೆ ನೋಡಿದಾಗ ಮೈ ಜುಮ್ ಅಂದಿತು. ಅದಕ್ಕೇ ಹೇಳುವುದು, ವಿಡಿಯೋ ಆಮೇಲೆ ನೋಡಿ, ಮೊದಲು ಕೈಯಿಂದ ಕಲಿಯಿರಿ.

ಆಡುವಾಗ ಇನ್ನೊಂದು ನೆನಪಿರಲಿ. ಇದರಲ್ಲಿ ಇಬ್ಬರು ಹಿಂದೆ-ಮುಂದೆ ನಡೆಯುವುದೇ ಜಾಸ್ತಿ. ಹೊಸಬರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಕುಸ್ತಿಯಲ್ಲೂ ಪೈಲ್ವಾನರು ಕೈ ಕೈ ಹಿಡಿದು ಸುತ್ತುತ್ತಲೇ ಇದ್ದರೆ ನನಗೆ ಬೇಸರ ಬರುತ್ತಿತ್ತು. ನಮ್ಮಪ್ಪ ಅನ್ನುತ್ತಿದ್ದರು, "ಕೈ ನೋಡಬ್ಯಾಡ, ಕಾಲ್ ನೋಡು." ಇಲ್ಲೂ ನಿಮ್ಮ ಆಟಗಾರನನ್ನು ನೋಡಬೇಡಿ, ಎದುರಿನವನನ್ನೇ ನೋಡಿ. ಅವನು ಯಾವಾಗ ಕೂರುತ್ತಾನೆ, ಎಷ್ಟು ದೂರದಿಂದ ಒದೆಯುತ್ತಾನೆ, ಹೆದರಿದಾಗ ಏನು ಮಾಡುತ್ತಾನೆ. ನಮ್ಮ ಹುಡುಗ ಹೆದರಿದರೆ ಹಾರುತ್ತಾನೆ. ಪ್ರತಿ ಸಲವೂ.

ಇಷ್ಟೆಲ್ಲ ಮಾಡಿದರೂ ಕೆಲವು ಬೇಜಾರು ಹೋಗುವುದಿಲ್ಲ, ಅದನ್ನು ಮುಚ್ಚಿಡಬಾರದು. ಚುನ್-ಲಿ, ಯುನ್, ಕೆನ್ ಬಹಳ ಬಲಶಾಲಿಗಳು. ಶಾನ್, ಟ್ವೆಲ್ವ್ ತೆಗೆದುಕೊಂಡವರು ಎರಡು ಪಟ್ಟು ದುಡಿಯಬೇಕು. ನನ್ನ ಹ್ಯೂಗೋಗೂ ದಾರಿ ಸುಲಭವಲ್ಲ. ಹೊಗಳುವವರು ಈ ಮಾತನ್ನೂ ಜೊತೆಗೇ ಹೇಳಿದ್ದರೆ ಹೊಸಬರು ಇಷ್ಟು ಸೋತು ಹೋಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಎಷ್ಟು ದಿನ ಪ್ರಯತ್ನಿಸಬೇಕು? ವಾರಕ್ಕೆ ಎರಡು ತಾಸಿನಂತೆ ನಾಲ್ಕು ವಾರ ಸಾಕು. ಆಮೇಲೂ ಹಿಡಿಸದಿದ್ದರೆ ಬಿಟ್ಟುಬಿಡಿ, ಅದಕ್ಕೆ ಸಂಕೋಚ ಬೇಡ. ಅದೇ ಕಲೆಕ್ಷನ್‌ನಲ್ಲಿ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೋ ಇದೆ, ಸ್ಟ್ರೀಟ್ ಫೈಟರ್ ಆಲ್ಫಾ 3 ಇದೆ. ಎರಡರಲ್ಲೂ ಧಾಲ್ಸಿಮ್ ಇದ್ದಾನೆ.

ನಮ್ಮ ಹುಡುಗನಿಗೆ ಕೊನೆಗೂ ಆಲ್ಫಾ 3 ಜಾಸ್ತಿ ಹಿಡಿಸಿತು. ನಾನು ಹ್ಯೂಗೋ ಕಡೆಗೆ ವಾಪಸ್ ಹೋಗಿದ್ದೇನೆ, ಆ ಪೂರ್ತಿ ಸುತ್ತು ಈಗ ಹತ್ತರಲ್ಲಿ ಆರು ಸಲ ಬೀಳುತ್ತದೆ. ಭಾನುವಾರ ಮೊದಲ ತಾಸು ತರ್ಡ್ ಸ್ಟ್ರೈಕ್, ಎರಡನೇ ತಾಸು ಅವನ ಆಲ್ಫಾ 3. ಏಳೂವರೆಯ ಚಿಗರಿಗೆ ಅವನನ್ನು ಹತ್ತಿಸಿ ಬರುತ್ತೇನೆ.